ವರ್ಡ್ ಕುಣಿಯುತ್ತಿತ್ತು, ತೆರೆಯುತ್ತಿರಲಿಲ್ಲ: ಹಳೆಯ ಮ್ಯಾಕ್ ಒಂದರ ದುರಸ್ತಿ

ಧಾರವಾಡದ ಸಣ್ಣ ಪ್ರಕಾಶನವೊಂದರ ಕಚೇರಿಯಲ್ಲಿದ್ದದ್ದು 2012ರ ಮಧ್ಯದಲ್ಲಿ ಬಂದ 13 ಇಂಚಿನ ಮ್ಯಾಕ್‌ಬುಕ್ ಪ್ರೊ. ಮ್ಯಾಕ್‌ಓಎಸ್ ಹೈ ಸಿಯೆರಾ 10.13.6, ಆಫೀಸ್ 2011ರ ಕೊನೆಯ ಆವೃತ್ತಿ 14.7.7, ಯಂತ್ರದ ಜೊತೆ ಬಂದಿದ್ದ 500 ಜಿಬಿ ಹಾರ್ಡ್ ಡಿಸ್ಕ್. ‘ಸರ, ವರ್ಡ್ ಒತ್ತಿದ್ರ ಕೆಳಗ ಕುಣಕೋತ ಇರ್ತದ, ತೆರಿಯಂಗಿಲ್ಲ’ ಎನ್ನುವುದು ಮೊದಲ ದೂರು; ಪರದೆಯ ಕೆಳಗಿನ ಪಟ್ಟಿಯಲ್ಲಿ ವರ್ಡ್ ಚಿಹ್ನೆ ಕುಣಿಯುತ್ತಲೇ ಇರುತ್ತಿತ್ತು. ಎಕ್ಸೆಲ್‌ನಲ್ಲಿ ರಾಯಧನದ ಲೆಕ್ಕ ನಕಲು ಮಾಡಿದರೆ ತಾರೀಖುಗಳೆಲ್ಲ ನಾಲ್ಕು ವರ್ಷ ಹಿಂದಕ್ಕೆ ಹೋಗುತ್ತವೆ ಎನ್ನುವುದು ಎರಡನೆಯದು. ಲೇಖಕರು ಕಳಿಸುವ ಹೊಸ ಹಸ್ತಪ್ರತಿಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತವೆ, ಹಳೆಯ ಪುಸ್ತಕಗಳ ಫೈಲುಗಳು ಮಾತ್ರ ಸರಿಯಾಗಿವೆ ಎನ್ನುವುದು ಮೂರನೆಯದು.

ಆಫೀಸೇ ಕೆಟ್ಟಿದೆ ಎಂದುಕೊಂಡು ಯಾರೋ ಆಗಲೇ ಅದನ್ನು ತೆಗೆದು ಮತ್ತೆ ಹಾಕಿದ್ದರು. ಏನೂ ಬದಲಾಗಿರಲಿಲ್ಲ, ಬದಲಾಗಲು ಕಾರಣವೂ ಇರಲಿಲ್ಲ. ಅಪ್ಲಿಕೇಶನ್ಸ್ ಫೋಲ್ಡರಿನಿಂದ ಆಫೀಸನ್ನು ಕಸದಬುಟ್ಟಿಗೆ ಎಳೆದು ಹೊಸದಾಗಿ ಹಾಕಿದರೆ ಬದಲಾಗುವುದು ತಂತ್ರಾಂಶ ಮಾತ್ರ. ಬಳಕೆದಾರರ ಸೆಟ್ಟಿಂಗು, ಟೆಂಪ್ಲೇಟು, ಫಾಂಟುಗಳೆಲ್ಲ ಅವರ ಖಾತೆಯ ಲೈಬ್ರರಿ ಫೋಲ್ಡರಿನಲ್ಲಿ ಹಾಗೇ ಉಳಿಯುತ್ತವೆ. ಹಳೆಯ ಮ್ಯಾಕ್‌ಗಳಲ್ಲಿ ಆಫೀಸಿನ ತೊಂದರೆ ಹೆಚ್ಚಾಗಿ ಇರುವುದೇ ಅಲ್ಲಿ. ಆದ್ದರಿಂದ ಮರುಸ್ಥಾಪನೆ ಕಟ್ಟಕಡೆಯ ಕ್ರಮವಾಗಬೇಕು.

ಯಾವುದಕ್ಕೂ ಕೈಹಾಕುವ ಮುಂಚೆ ಬ್ಯಾಕಪ್. ಹೊರಗಿನ ಡಿಸ್ಕಿಗೆ ಮ್ಯಾಕ್‌ನದೇ ಬ್ಯಾಕಪ್ ತಂತ್ರಾಂಶ ಟೈಮ್ ಮಷೀನ್ ಹಚ್ಚಿದರೆ ಸಾಕು. ಆಫೀಸ್ 2011 ಇರುವ ಕಡೆ ಡಾಕ್ಯುಮೆಂಟ್ಸ್ ಒಳಗಿನ ‘ಮೈಕ್ರೋಸಾಫ್ಟ್ ಯೂಸರ್ ಡೇಟಾ’ ಫೋಲ್ಡರನ್ನು ಬೇರೆಯಾಗಿಯೂ ನಕಲು ಮಾಡಿಡಬೇಕು. ಔಟ್‌ಲುಕ್‌ನ ಹಳೆಯ ಮೇಲ್‌ಗಳೆಲ್ಲ ಅದರಲ್ಲೇ ಇರುತ್ತವೆ. ನಂತರ ಡಿಸ್ಕ್ ಯುಟಿಲಿಟಿಯಲ್ಲಿ ಎಸ್‌ಎಂಎಆರ್‌ಟಿ ಸ್ಥಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ) ನೋಡಿ, ಡಿಸ್ಕಿನ ದೋಷ ಹುಡುಕಿ ತಿದ್ದುವ ಫಸ್ಟ್ ಏಡ್ ಓಡಿಸಿ. ಇಲ್ಲಿ ಡಿಸ್ಕ್ ಚೆನ್ನಾಗಿಯೇ ಇತ್ತು.

ತೊಂದರೆ ಯಾವ ಪದರದಲ್ಲಿದೆ ಎಂದು ಬೇರ್ಪಡಿಸುವುದು ಮುಂದಿನ ಕೆಲಸ. ಇದಕ್ಕೆ ಹೊಸ ಬಳಕೆದಾರ ಖಾತೆಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸಿಸ್ಟಮ್ ಪ್ರಿಫರೆನ್ಸಸ್‌ನ ‘ಯೂಸರ್ಸ್ ಅಂಡ್ ಗ್ರೂಪ್ಸ್’ನಲ್ಲಿ ಬೀಗ ತೆರೆದು ‘ಪರೀಕ್ಷೆ’ ಎಂಬ ಖಾತೆ ಮಾಡಿ, ಅದರಲ್ಲಿ ಲಾಗಿನ್ ಆಗಿ ವರ್ಡ್ ತೆರೆದಾಗ ಕೆಲವೇ ಸೆಕೆಂಡಿನಲ್ಲಿ ಬಂತು. ಅಲ್ಲಿಗೆ ತಂತ್ರಾಂಶ, ಡಿಸ್ಕ್, ಮ್ಯಾಕ್‌ಓಎಸ್ ಮೂರರ ಮೇಲಿನ ಅನುಮಾನವೂ ಹೋಯಿತು. ಹೊಸ ಖಾತೆಯಲ್ಲೂ ಅದೇ ತೊಂದರೆ ಬಂದಿದ್ದರೆ ಮಾತ್ರ ಮರುಸ್ಥಾಪನೆಗೆ ಅರ್ಥವಿರುತ್ತಿತ್ತು.

ಹಳೆಯ ಖಾತೆಗೆ ಮರಳಿ ವರ್ಡ್ ತೆರೆಯುವಾಗ ಮೊದಲ ಪರದೆಯ ಕೆಳಗಿನ ಸಣ್ಣ ಅಕ್ಷರಗಳನ್ನು ಗಮನಿಸಬೇಕು. ವರ್ಡ್ 2011 ಆ ಕ್ಷಣದಲ್ಲಿ ಏನು ಮಾಡುತ್ತಿದೆ ಎಂದು ಅಲ್ಲೇ ಬರೆದು ತೋರಿಸುತ್ತದೆ. ಇಲ್ಲಿ ‘ಆಪ್ಟಿಮೈಸಿಂಗ್ ಫಾಂಟ್ ಮೆನು ಪರ್ಫಾರ್ಮೆನ್ಸ್’ ಎಂಬ ಸಾಲು ಬಂದು ಅಲ್ಲಾಡದೆ ನಿಂತಿತ್ತು. ಅಂದರೆ ವರ್ಡ್ ಒಂದೊಂದೇ ಫಾಂಟ್ ಓದಿ ತನ್ನ ಪಟ್ಟಿ ಕಟ್ಟುತ್ತಿದೆ, ಯಾವುದೋ ಒಂದರ ಬಳಿ ಸಿಕ್ಕಿಕೊಂಡಿದೆ. ಖಾತೆಯ ಲೈಬ್ರರಿಯೊಳಗಿನ ಫಾಂಟ್ಸ್ ಫೋಲ್ಡರ್ ತೆರೆದಾಗ ಕಾರಣ ಕಣ್ಣಿಗೇ ಬಿತ್ತು: ನುಡಿ, ಬರಹ ಫಾಂಟುಗಳ ರಾಶಿ, ಒಂದೇ ಫಾಂಟಿಗೆ ಹಲವು ಪ್ರತಿ. ಬೇರೆ ಬೇರೆ ಲೇಖಕರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟದ್ದನ್ನೆಲ್ಲ ವರ್ಷಗಟ್ಟಲೆ ಸುರಿಯುತ್ತ ಬಂದಿದ್ದರು.

ಮ್ಯಾಕ್‌ಓಎಸ್‌ನ 2011ರ ಲಯನ್ ಆವೃತ್ತಿಯಿಂದ ಈಚೆಗೆ ಈ ಲೈಬ್ರರಿ ಫೋಲ್ಡರ್ ಮರೆಯಲ್ಲಿರುತ್ತದೆ. ಫೈಂಡರ್‌ನಲ್ಲಿ ಆಪ್ಶನ್ ಕೀ ಒತ್ತಿ ಹಿಡಿದು ‘ಗೋ’ ಮೆನು ತೆರೆದರೆ ಕಾಣಿಸುತ್ತದೆ. ಫಾಂಟುಗಳನ್ನು ಸರಿಪಡಿಸುವುದಕ್ಕೆ ಮ್ಯಾಕ್ ಜೊತೆಗೇ ಬರುವ ಫಾಂಟ್ ಬುಕ್ ತಂತ್ರಾಂಶ ಬೇಕು. ಎಲ್ಲ ಫಾಂಟನ್ನೂ ಆಯ್ದು, ಫೈಲ್ ಮೆನುವಿನಲ್ಲಿ ‘ವ್ಯಾಲಿಡೇಟ್ ಫಾಂಟ್ಸ್’ ಒತ್ತಿ. ಕೆಂಪು ಗುರುತು ಬಂದದ್ದನ್ನು ತೆಗೆದುಬಿಡಬೇಕು. ಹಳದಿ ಗುರುತಿನವು ಬಹುಪಾಲು ನಕಲು ಪ್ರತಿಗಳು, ಎಡಿಟ್ ಮೆನುವಿನಲ್ಲಿ ಅವುಗಳನ್ನು ಪರಿಹರಿಸುವ ಆಯ್ಕೆಯಿದೆ. ಆಮೇಲೆ ಶಿಫ್ಟ್ ಕೀ ಹಿಡಿದು ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಒಮ್ಮೆ ಶುರು ಮಾಡಿ, ಮತ್ತೆ ಮಾಮೂಲಾಗಿ ರೀಸ್ಟಾರ್ಟ್ ಮಾಡಬೇಕು. ಸೇಫ್ ಮೋಡ್ ಫಾಂಟ್ ಕ್ಯಾಶೆಯನ್ನು, ಅಂದರೆ ಯಂತ್ರ ಬೇಗ ಸಿಗಲೆಂದು ಉಳಿಸಿಕೊಂಡ ಫಾಂಟಿನ ಮಾಹಿತಿಯನ್ನು, ಅಳಿಸುತ್ತದೆ. ಈ ಹೆಜ್ಜೆ ಬಿಟ್ಟರೆ ಫಾಂಟು ತೆಗೆದ ಮೇಲೂ ಹಳೆಯ ಪಟ್ಟಿಯೇ ಕಾಟ ಕೊಡುವುದುಂಟು.

ಈಗ ವರ್ಡ್ ತೆರೆಯಿತು, ಆದರೆ ಹೊಸ ಪುಟ ತೆಗೆಯುವಾಗ ಮುಚ್ಚಿಕೊಂಡಿತು. ಇದು ನಾರ್ಮಲ್ ಟೆಂಪ್ಲೇಟ್, ಅಂದರೆ ಪ್ರತಿ ಹೊಸ ಪುಟಕ್ಕೂ ವರ್ಡ್ ಮಾದರಿಯಾಗಿ ಬಳಸುವ ಫೈಲು, ಕೆಟ್ಟಿರುವ ಲಕ್ಷಣ. ಲೈಬ್ರರಿಯಲ್ಲಿ ಅಪ್ಲಿಕೇಶನ್ ಸಪೋರ್ಟ್, ಮೈಕ್ರೋಸಾಫ್ಟ್, ಆಫೀಸ್, ಯೂಸರ್ ಟೆಂಪ್ಲೇಟ್ಸ್ ಎಂದು ಒಳಗೊಳಗೆ ಹೋದರೆ ಆ ಫೈಲು ಸಿಗುತ್ತದೆ. ಸಾಧಾರಣವಾಗಿ ಕೆಲವೇ ಹತ್ತು ಕೆಬಿ ಇರಬೇಕಾದ ಫೈಲು ಇಲ್ಲಿ 9 ಎಂಬಿ ಇತ್ತು. ಕಚೇರಿಯ ಲೆಟರ್‌ಹೆಡ್ಡನ್ನು ಸ್ಕ್ಯಾನ್ ಮಾಡಿದ ಚಿತ್ರ ಸಮೇತ ಇದರಲ್ಲೇ ಉಳಿಸಿಬಿಟ್ಟಿದ್ದರು. ವರ್ಡ್ ಮುಚ್ಚಿ, ಈ ಫೈಲಿನ ಹೆಸರಿಗೆ ‘ಹಳೆಯದು’ ಎಂದು ಸೇರಿಸಿ, ಅಳಿಸಬೇಡಿ. ಮುಂದಿನ ಸಲ ವರ್ಡ್ ತಾನಾಗಿ ಹೊಸದನ್ನು ಮಾಡಿಕೊಳ್ಳುತ್ತದೆ. ಹಳೆಯದರಲ್ಲಿದ್ದ ಸ್ಟೈಲುಗಳು ಬೇಕೆಂದರೆ ಟೂಲ್ಸ್ ಮೆನುವಿನ ‘ಟೆಂಪ್ಲೇಟ್ಸ್ ಅಂಡ್ ಆಡ್-ಇನ್ಸ್’ನಲ್ಲಿ ಆರ್ಗನೈಸರ್ ತೆರೆದು ಒಂದೊಂದಾಗಿ ತಂದುಕೊಳ್ಳಬಹುದು. ಲೆಟರ್‌ಹೆಡ್ಡನ್ನು ಬೇರೆ ಟೆಂಪ್ಲೇಟಾಗಿ ಉಳಿಸಿಕೊಟ್ಟದ್ದಾಯಿತು.

ಇಷ್ಟಕ್ಕೂ ಬಗ್ಗದಿದ್ದರೆ ಪ್ರಿಫರೆನ್ಸಸ್ ಫೋಲ್ಡರಿನಲ್ಲಿರುವ, ‘ಕಾಮ್ ಡಾಟ್ ಮೈಕ್ರೋಸಾಫ್ಟ್ ಡಾಟ್ ವರ್ಡ್’ ಎಂದು ಶುರುವಾಗುವ ಪಿಲಿಸ್ಟ್ ಫೈಲನ್ನು (ವರ್ಡ್‌ನ ಸೆಟ್ಟಿಂಗುಗಳಿರುವ ಫೈಲು) ಡೆಸ್ಕ್‌ಟಾಪಿಗೆ ಸರಿಸಿ ನೋಡಬೇಕು. ಸರಿಸಿದ ಕೂಡಲೇ ವರ್ಡ್ ತೆರೆಯಬಾರದು. 10.9ರ ಮ್ಯಾವೆರಿಕ್ಸ್‌ನಿಂದ ಈಚೆಗೆ ಮ್ಯಾಕ್‌ಓಎಸ್ ಸೆಟ್ಟಿಂಗುಗಳನ್ನು ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು, ಅದೇ ಹಾಳಾದ ಫೈಲನ್ನು ಮತ್ತೆ ಬರೆದುಬಿಡಬಹುದು. ಸರಿಸಿ, ರೀಸ್ಟಾರ್ಟ್ ಮಾಡಿ, ಆಮೇಲೆ ತೆರೆಯಿರಿ. ಇನ್ನೊಂದು ಎಚ್ಚರಿಕೆ: ‘ಮೈಕ್ರೋಸಾಫ್ಟ್ ಹೆಸರಿನ ಫೈಲುಗಳನ್ನೆಲ್ಲ ಅಳಿಸಿ’ ಎಂಬ ಸಲಹೆ ಸಿಕ್ಕಲ್ಲೆಲ್ಲ ಸಿಗುತ್ತದೆ. ಡಿಸ್ಕಿನ ಮುಖ್ಯ ಲೈಬ್ರರಿಯ ಪ್ರಿಫರೆನ್ಸಸ್‌ನಲ್ಲಿರುವ ‘ಲೈಸೆನ್ಸಿಂಗ್’ ಹೆಸರಿನ ಫೈಲು ಅದರ ಜೊತೆ ಹೋದರೆ ಆಫೀಸ್ 2011 ಮತ್ತೆ 25 ಅಕ್ಷರದ ಪ್ರಾಡಕ್ಟ್ ಕೀ ಕೇಳುತ್ತದೆ. ಡಬ್ಬಿ ಎಲ್ಲಿದೆಯೋ ಯಾರಿಗೂ ಗೊತ್ತಿರುವುದಿಲ್ಲ.

ವರ್ಡ್ ತೆರೆದ ಮೇಲೂ ತಡವರಿಸುತ್ತಿದ್ದರೆ ಡೀಫಾಲ್ಟ್ ಪ್ರಿಂಟರ್ ನೋಡಿ. ಪುಟದ ಅಳತೆಗಾಗಿ ವರ್ಡ್ ಅದನ್ನು ಮಾತಾಡಿಸುತ್ತದೆ. ಎಂದೋ ಮಾರಿದ ನೆಟ್‌ವರ್ಕ್ ಪ್ರಿಂಟರ್ ಪಟ್ಟಿಯಲ್ಲಿ ಉಳಿದಿದ್ದರೆ ಉತ್ತರಕ್ಕಾಗಿ ಕಾಯುತ್ತ ಕೂರುತ್ತದೆ.

ಎಕ್ಸೆಲ್‌ನ ತಾರೀಖಿನ ವಿಷಯ ಇವೆಲ್ಲಕ್ಕಿಂತ ಗಂಭೀರ, ಯಾಕೆಂದರೆ ಅದು ಸದ್ದಿಲ್ಲದೆ ಲೆಕ್ಕ ಕೆಡಿಸುತ್ತದೆ. ಎಕ್ಸೆಲ್ ತಾರೀಖನ್ನು ದಿನಗಳ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಎಣಿಕೆ 1900ರಿಂದ, ಮ್ಯಾಕ್‌ನ ಎಕ್ಸೆಲ್‌ನಲ್ಲಿ 2008ರ ಆವೃತ್ತಿಯವರೆಗೆ 1904ರಿಂದ. ಎಕ್ಸೆಲ್ 2011 ಹೊಸ ವರ್ಕ್‌ಬುಕ್ಕುಗಳಿಗೆ 1900ರ ಪದ್ಧತಿಯನ್ನೇ ಹಿಡಿಯಿತು. ಆದರೆ ಈ ಆಯ್ಕೆ ಇರುವುದು ಒಂದೊಂದು ವರ್ಕ್‌ಬುಕ್ಕಿನೊಳಗೆ. ಹಳೆಯ ಮ್ಯಾಕ್‌ನಲ್ಲಿ ಹುಟ್ಟಿದ ಲೆಕ್ಕದ ಪುಸ್ತಕವನ್ನು ವರ್ಷವರ್ಷವೂ ‘ಸೇವ್ ಆ್ಯಸ್’ ಮಾಡುತ್ತ ಬಂದರೆ 1904ರ ಗುರುತು ಕೂಡ ಜೊತೆಗೇ ಬರುತ್ತದೆ. ಎರಡು ಪದ್ಧತಿಯ ನಡುವಿನ ಅಂತರ 1462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ.

ಆ ಒಂದು ದಿನವೇ ಹೆಚ್ಚು ಅಪಾಯ. ಹಳೆಯ ಪುಸ್ತಕದಲ್ಲಿ 2023ರ ಏಪ್ರಿಲ್ 1 ಎಂದಿದ್ದ ಕೋಶವನ್ನು ಹೊಸ ಪುಸ್ತಕಕ್ಕೆ ನಕಲು ಮಾಡಿದಾಗ ಅದು 2019ರ ಮಾರ್ಚ್ 31 ಆಗಿತ್ತು. ವರ್ಷದ ಅಂಕಿಯನ್ನು ಕೈಯಾರೆ ತಿದ್ದಿದರೆ 2023ರ ಮಾರ್ಚ್ 31 ಆಗುತ್ತದೆ, ರಾಯಧನ ಹಿಂದಿನ ಆರ್ಥಿಕ ವರ್ಷಕ್ಕೆ ಹೋಗುತ್ತದೆ. ತಿದ್ದುವ ಸರಿಯಾದ ಕ್ರಮ ಹೀಗೆ: ಖಾಲಿ ಕೋಶದಲ್ಲಿ 1462 ಎಂದು ಬರೆದು ಕಾಪಿ ಮಾಡಿ. ತಪ್ಪಿದ ತಾರೀಖುಗಳನ್ನಷ್ಟೇ ಆಯ್ದು ‘ಪೇಸ್ಟ್ ಸ್ಪೆಶಲ್’ನಲ್ಲಿ ‘ವ್ಯಾಲ್ಯೂಸ್’ ಮತ್ತು ‘ಆ್ಯಡ್’ ಎರಡನ್ನೂ ಆರಿಸಿ. ‘ವ್ಯಾಲ್ಯೂಸ್’ ಬಿಟ್ಟರೆ ತಾರೀಖಿನ ರೂಪ ಹೋಗಿ ಐದಂಕಿಯ ಸಂಖ್ಯೆ ಕಾಣಬಹುದು. ಪ್ರಿಫರೆನ್ಸಸ್‌ನ ಕ್ಯಾಲ್ಕುಲೇಶನ್ ವಿಭಾಗದಲ್ಲಿರುವ 1904ರ ಟಿಕ್ ಗುರುತನ್ನು ತುಂಬಿದ ಪುಸ್ತಕದಲ್ಲಿ ತೆಗೆಯಲೇಬಾರದು, ಸರಿಯಿದ್ದ ತಾರೀಖುಗಳೂ ಜಿಗಿಯುತ್ತವೆ. ಅದು ನೋಡಿ ತಿಳಿಯುವುದಕ್ಕೆ ಮಾತ್ರ.

ಇನ್ನು ಒತ್ತಕ್ಷರ. ‘ರಾಷ್ಟ್ರ’ ಎಂಬ ಪದ ವರ್ಡ್ 2011ರಲ್ಲಿ ಷ, ಟ, ರ ಬೇರೆಬೇರೆಯಾಗಿ, ನಡುವೆ ಅರ್ಧಾಕ್ಷರದ ಗುರುತು ಹೊತ್ತು ನಿಂತಿತ್ತು. ಅದೇ ಫೈಲನ್ನು ಟೆಕ್ಸ್ಟ್‌ಎಡಿಟ್‌ನಲ್ಲಿ ತೆರೆದಾಗ ಪದ ಸರಿಯಾಗಿಯೇ ಇತ್ತು. ಫೈಲು ಕೆಟ್ಟಿಲ್ಲ, ಹೊಸ ಹಸ್ತಪ್ರತಿಗಳಲ್ಲಿರುವ ಯೂನಿಕೋಡ್ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ) ಕನ್ನಡವನ್ನು ಜೋಡಿಸುವ ಶಕ್ತಿ ಆ ವರ್ಡ್‌ಗೆ ಇಲ್ಲ. ಹಳೆಯ ನುಡಿ ಫೈಲುಗಳು ಚೆನ್ನಾಗಿ ಕಾಣುವುದಕ್ಕೂ ಇದೇ ಕಾರಣ. ಅವು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು, ವರ್ಡ್ ಅಲ್ಲಿ ಏನನ್ನೂ ಜೋಡಿಸಬೇಕಿಲ್ಲ. ಇದು ತಿಳಿಯದೆ ಹೊಸ ಹಸ್ತಪ್ರತಿಗಳನ್ನು ನುಡಿಗೆ ಮತ್ತೆ ಕೀಲಿಸುವ ಯೋಚನೆ ನಡೆದಿತ್ತು. ನೂರಾರು ಪುಟದ ವ್ಯರ್ಥ ದುಡಿಮೆ ಅದು, ಜೊತೆಗೆ ಮುಂದೆ ಯಾರೂ ಹುಡುಕಲಾಗದ ಪಠ್ಯ. ಲಯನ್‌ನಿಂದ ಈಚೆಗೆ ಮ್ಯಾಕ್‌ನಲ್ಲೇ ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಫಾಂಟುಗಳಿವೆ. ಆಪಲ್‌ನದೇ ಪೇಜಸ್ ಅವುಗಳನ್ನು ಸರಿಯಾಗಿ ತೋರಿಸುತ್ತದೆ, ಲಿಬ್ರೆಆಫೀಸ್ ಕೂಡ ಆಗುತ್ತದೆ. ಈ ಕಚೇರಿಗೆ ಹೊಂದಿದ್ದು ಲಿಬ್ರೆಆಫೀಸ್: ಹೊಸ ಆವೃತ್ತಿ ಹೈ ಸಿಯೆರಾದಲ್ಲಿ ನಡೆಯದು, ಅವರದೇ ಹಳೆಯ ಆವೃತ್ತಿಗಳ ಸಂಗ್ರಹದಿಂದ 10.13ಕ್ಕೆ ಹೊಂದುವುದನ್ನು ಇಳಿಸಿಕೊಳ್ಳಬೇಕು. ಅಕ್ಷರಗಳಿಗೆ ನೋಟೊ ಸಾನ್ಸ್ ಕನ್ನಡ ಹಾಕಿದರೆ ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಒಂದೇ ರೀತಿ ಕಾಣುತ್ತದೆ.

ಮ್ಯಾಕ್‌ಓಎಸ್ ಅಪ್‌ಡೇಟ್ ಮಾಡೋಣವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಯಂತ್ರ 10.15ರ ಕ್ಯಾಟಲೀನಾವರೆಗೆ ಹೋಗಬಲ್ಲದು. ಆದರೆ 2019ರಲ್ಲಿ ಬಂದ ಕ್ಯಾಟಲೀನಾ 32 ಬಿಟ್ ಎಂಬ ಹಳೆಯ ಬಗೆಯ ತಂತ್ರಾಂಶಗಳನ್ನು ಓಡಿಸುವುದೇ ಇಲ್ಲ, ಆಫೀಸ್ 2011 ಪೂರ್ತಿ 32 ಬಿಟ್. ಹೋದ ಮೇಲೆ ಹಿಂದೆ ಬರಬೇಕೆಂದರೆ ಡಿಸ್ಕ್ ಅಳಿಸಬೇಕು. ಹಳೆಯ ಆಫೀಸ್ ಬೇಕಿದ್ದಷ್ಟು ದಿನ ಹೈ ಸಿಯೆರಾದಲ್ಲೇ ಇರುವುದು ಲೇಸು. ಅದರ ಬೆಲೆಯೂ ತಿಳಿದಿರಲಿ: ಆಫೀಸ್ 2011ಕ್ಕೆ 2017ರ ಅಕ್ಟೋಬರ್ 10ರಿಂದ ಭದ್ರತಾ ತಿದ್ದುಪಡಿ ನಿಂತಿದೆ. ಅಪರಿಚಿತರು ಕಳಿಸಿದ ವರ್ಡ್ ಫೈಲನ್ನು ಇದರಲ್ಲಿ ತೆರೆಯಬಾರದು, ಫೈಲಿನೊಳಗೆ ತಾನಾಗಿ ಓಡಬಲ್ಲ ಮ್ಯಾಕ್ರೋ ಇದ್ದರಂತೂ ಬೇಡವೇ ಬೇಡ. ಮೇಲ್‌ಗೆ ಔಟ್‌ಲುಕ್ 2011 ಬಿಟ್ಟು ಬ್ರೌಸರ್ ಬಳಸಬೇಕು. 10.12ರಿಂದ 10.14ರವರೆಗಿನ ಮ್ಯಾಕ್‌ಗಳಿಗೆ ಫೈರ್‌ಫಾಕ್ಸ್ 115ರ ಇಎಸ್‌ಆರ್ (ದೀರ್ಘಕಾಲ ತಿದ್ದುಪಡಿ ಸಿಗುವ ಆವೃತ್ತಿ) ಕೊನೆಯ ಸಾಲು, ಅದು ಸಫಾರಿಗಿಂತ ಇಲ್ಲಿ ಉಪಯುಕ್ತ.

ಹಣ ಖರ್ಚು ಮಾಡುವುದಿದ್ದರೆ ಎಸ್‌ಎಸ್‌ಡಿಗೆ ಮಾಡಿ. ತಿರುಗುವ ಭಾಗಗಳಿಲ್ಲದ, ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹ ಅದು; ಎರಡೂವರೆ ಇಂಚಿನ ಸಾಟಾ ಬಗೆಯದು ಸಾಕು. ತಳದ ಹತ್ತು ಸ್ಕ್ರೂಗಳಿಗೆ ಫಿಲಿಪ್ಸ್ ಡಬಲ್ ಸೊನ್ನೆ, ಡಿಸ್ಕಿನ ಪಕ್ಕದ ನಾಲ್ಕಕ್ಕೆ ಟಾರ್ಕ್ಸ್ ಟಿ6 ಸ್ಕ್ರೂಡ್ರೈವರ್ ಬೇಕು. ತಳದ ಸ್ಕ್ರೂಗಳಲ್ಲಿ ಮೂರು ಉದ್ದ, ಏಳು ಗಿಡ್ಡ. ಬಿಚ್ಚಿದ ಜಾಗದ ಕ್ರಮದಲ್ಲೇ ಜೋಡಿಸಿಡಿ. ಈ ಮಾದರಿಯಲ್ಲಿ ಡಿಸ್ಕಿಗೆ ಹೋಗುವ ಚಪ್ಪಟೆ ಸಾಟಾ ಕೇಬಲ್ ಹಳತಾದಂತೆ ಕೈಕೊಡುವುದು ಸಾಮಾನ್ಯ. ಹೊಸ ಎಸ್‌ಎಸ್‌ಡಿ ಹಾಕಿದ ಮೇಲೂ ನಕಲು ಮಾಡುವಾಗ ಯಂತ್ರ ನಿಂತುಹೋದರೆ, ಶುರುವಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಫೋಲ್ಡರ್ ಮಿನುಗಿದರೆ, ಡಿಸ್ಕನ್ನು ಅಂಗಡಿಗೆ ಹಿಂದಿರುಗಿಸುವ ಮುಂಚೆ ಆ ಕೇಬಲ್ ಬದಲಿಸಿ ನೋಡಿ.