ಆ ಒಂದು ಕಿಣ್ವವನ್ನು ಬಂದ್ ಮಾಡಿದರೆ ಕ್ಯಾನ್ಸರ್ ಹೋಗುವುದಿಲ್ಲವೇ?

ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. "ಕ್ಯಾನ್ಸರ್ ಕೋಶಕ್ಕೆ ಸಾವೇ ಇಲ್ದೆ ಇರೋಕೆ ಟೆಲೊಮರೇಸ್ ಕಾರಣ ಅಂತಾರಲ್ಲ ಸಾರ್, ಅದನ್ನೇ ನಿಲ್ಲಿಸಿಬಿಟ್ರೆ ಆಯ್ತಲ್ವಾ?"

ಒಳ್ಳೆಯ ಪ್ರಶ್ನೆ. ಆದರೆ ಉತ್ತರಕ್ಕೆ ಸ್ವಲ್ಪ ಸುತ್ತಿ ಬರಬೇಕು.

ಸೆರಗಿಗೆ ಕುಚ್ಚು ಕಟ್ಟದಿದ್ದರೆ ನೂಲು ಬಿಚ್ಚಿಕೊಳ್ಳುತ್ತದೆ. ನಮ್ಮ ಕೋಶದೊಳಗಿನ ಡಿಎನ್‌ಎ ಎಳೆಯ, ಅಂದರೆ ಕ್ರೋಮೋಸೋಮಿನ ತುದಿಗೂ ಅಂಥದ್ದೊಂದು ಕುಚ್ಚಿದೆ, ಅದೇ ಟೆಲೊಮಿಯರ್. ಕೋಶ ಒಡೆದು ಎರಡಾದಾಗಲೆಲ್ಲ ಅದು ಚೂರು ಸವೆಯುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಸಾಮಾನ್ಯ ಕೋಶಗಳು 40ರಿಂದ 60 ಸಲ ಒಡೆದು ನಿಂತುಬಿಡುತ್ತವೆ ಎಂದು ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲೇ ತೋರಿಸಿದ್ದರು. ಸವೆದ ತುದಿಯನ್ನು ಮತ್ತೆ ಕಟ್ಟುವ ಕಿಣ್ವ ಟೆಲೊಮರೇಸ್. ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಲ್ಯಾಬಿನಲ್ಲಿ ಕೆರೊಲ್ ಗ್ರೈಡರ್ 1984ರ ಕ್ರಿಸ್‌ಮಸ್ ದಿನ ಅದರ ಗುರುತು ಕಂಡರು, ಅದೂ ಕೊಳದ ನೀರಿನ ಒಂದು ಪುಟ್ಟ ಜೀವಿಯಲ್ಲಿ. ಹತ್ತು ವರ್ಷದ ನಂತರ ಮನುಷ್ಯರ 101 ಗಡ್ಡೆಗಳನ್ನು ಪರೀಕ್ಷಿಸಿದಾಗ 90ರಲ್ಲಿ ಅದು ಸಿಕ್ಕಿತು. ನಿಮ್ಮ ಪ್ರಶ್ನೆ ಹುಟ್ಟಿದ್ದು ಇಲ್ಲಿಂದಲೇ.

ಈಗ ನನಗೆ ತುಂಬ ಇಷ್ಟವಾದ ಭಾಗ. ಎಚ್‌ಎಲ್-60 ಎಂಬ ರಕ್ತ ಕ್ಯಾನ್ಸರ್ ಕೋಶಗಳಿವೆ. ಅವು ಬಿಳಿ ರಕ್ತಕಣವಾಗಿ ಬೆಳೆಯಬೇಕಾದವು, ಅರ್ಧ ದಾರಿಯಲ್ಲೇ ನಿಂತು ಸುಮ್ನೆ ಒಡೆಯುತ್ತಾ ಕೂತಿವೆ. ಅವಕ್ಕೆ ವಿಟಮಿನ್ ಎ ಜಾತಿಯ ರೆಟಿನೊಯಿಕ್ ಆಮ್ಲ ಕೊಟ್ಟರೆ ಕೆಲವೇ ದಿನಗಳಲ್ಲಿ ಬಲಿತು, ಬಿಳಿ ರಕ್ತಕಣದಂತಾಗಿ, ಒಡೆಯುವುದನ್ನೇ ನಿಲ್ಲಿಸುತ್ತವೆ. ಜೊತೆಗೆ ಟೆಲೊಮರೇಸ್ ಕೂಡ ಇಳಿದುಹೋಗುತ್ತದೆ. ಅದನ್ನು ಯಾರೂ ನೇರವಾಗಿ ಮುಟ್ಟಿಲ್ಲ! ಕೋಶ ದೊಡ್ಡದಾಯಿತು, ಬಾಲ್ಯದ ಸಾಮಾನನ್ನು ಅಟ್ಟಕ್ಕೆ ಹಾಕಿತು, ಅಷ್ಟೇ. ಆದರೆ ವಿಷಯ ಇಷ್ಟು ಸಲೀಸಲ್ಲ. ಬಲಿಯಲು ಒಪ್ಪದ ಕೆಲವು ರಕ್ತ ಕ್ಯಾನ್ಸರ್ ಕೋಶಗಳಲ್ಲೂ ಇದೇ ಆಮ್ಲ ಟೆಲೊಮರೇಸನ್ನು ಇಳಿಸಬಲ್ಲದು.

ಹಾಗಾದರೆ ನೇರವಾಗಿ ನಿಲ್ಲಿಸಿದರೆ? ಮೊದಲ ತೊಂದರೆ ಸಮಯ. ಕಿಣ್ವ ನಿಂತ ಮಾತ್ರಕ್ಕೆ ಕೋಶ ಸಾಯುವುದಿಲ್ಲ. ಕುಚ್ಚು ಪೂರ್ತಿ ಸವೆಯುವಷ್ಟು ಸಲ ಅದು ಒಡೆಯಬೇಕು, ಅಷ್ಟರಲ್ಲಿ ಗಡ್ಡೆ ಎಷ್ಟಾಗಿರುತ್ತದೋ. ಎರಡನೆಯದು, ಅಸ್ಥಿಮಜ್ಜೆಯ ಆರೋಗ್ಯವಂತ ಮೂಲಕೋಶಗಳಿಗೂ ಈ ಕಿಣ್ವ ಬೇಕು. ಇನ್ನು ಕೆಲವು ಕ್ಯಾನ್ಸರ್‌ಗಳಂತೂ ಟೆಲೊಮರೇಸ್ ಇಲ್ಲದೆ ಬೇರೆ ಉಪಾಯದಿಂದ ತುದಿ ಕಟ್ಟಿಕೊಳ್ಳುತ್ತವೆ. ಇಷ್ಟೆಲ್ಲ ಇದ್ದರೂ 2024ರಲ್ಲಿ ಇಮೆಟೆಲ್‌ಸ್ಟಾಟ್ ಎಂಬ ಟೆಲೊಮರೇಸ್ ತಡೆಯುವ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಸ್ಥಿಮಜ್ಜೆಯ ಒಂದು ಕಾಯಿಲೆಯಿಂದ ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದವರಿಗೆ ಅದು. ಪ್ಲೇಟ್‌ಲೆಟ್ ಇಳಿಯುವುದು ಅದರ ಅಡ್ಡ ಪರಿಣಾಮ.

ಕೋಶವನ್ನು ಬಲಿಸುವ ದಾರಿ ಮಾತ್ರ ಒಂದು ಕಡೆ ಅದ್ಭುತವಾಗಿ ಫಲ ಕೊಟ್ಟಿದೆ. ಶಾಂಘೈನ ವೈದ್ಯ ವಾಂಗ್ ಝೆನ್‌ಯಿ 1985ರಲ್ಲಿ ಐದು ವರ್ಷದ ಒಬ್ಬ ಹುಡುಗಿಗೆ ರೆಟಿನೊಯಿಕ್ ಆಮ್ಲ ಕೊಡಿಸಿದರು. ಅವಳಿಗಿದ್ದದ್ದು ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರ್, ಆಗ ಜನ ಬೇಗ ಸಾಯುತ್ತಿದ್ದ ಕಾಯಿಲೆ. ಹುಡುಗಿ ಚೇತರಿಸಿಕೊಂಡಳು. 1988ರಲ್ಲಿ ಅವರ ತಂಡ 24 ರೋಗಿಗಳ ವಿವರ ಪ್ರಕಟಿಸಿತು. 23 ಮಂದಿಯಲ್ಲಿ ಈ ಒಂದೇ ಔಷಧದಿಂದ ಕಾಯಿಲೆ ಹಿಮ್ಮೆಟ್ಟಿತ್ತು. ಇದೊಂದನ್ನೇ ಕೊಟ್ಟರೆ ಕಾಯಿಲೆ ಮರಳುವುದು ಜಾಸ್ತಿ. ಹಾಗಾಗಿ ಈಗ ಆರ್ಸೆನಿಕ್ ಕೂಡ ಸೇರಿಸುತ್ತಾರೆ. ಹೌದು, ನಮ್ಮ ಅಜ್ಜಿಯಂದಿರು ಹೆಸರು ಕೇಳಿದರೇ ಹೆದರುತ್ತಿದ್ದ ಪಾಷಾಣವೇ!

"ಹಾಗಾದ್ರೆ ಎಲ್ಲ ಕ್ಯಾನ್ಸರ್‌ಗೂ ಇದನ್ನೇ ಕೊಡಬಹುದಲ್ಲ?" ಇದು ಮುಂದಿನ ಪ್ರಶ್ನೆ. ಆಗುವುದಿಲ್ಲ. ಈ ಲ್ಯುಕೇಮಿಯಾದಲ್ಲಿ 15 ಮತ್ತು 17ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಒಂದು ಕೆಟ್ಟ ಪ್ರೋಟೀನು ಹುಟ್ಟುತ್ತದೆ. ಕೋಶ ಬಲಿಯದಂತೆ ಅಡ್ಡ ನಿಲ್ಲುವುದು ಅದೇ, ಔಷಧ ಹೋಗಿ ಕೂರುವುದೂ ಅದರ ಮೇಲೆಯೇ. ಶ್ವಾಸಕೋಶದ್ದೋ ಸ್ತನದ್ದೋ ಗಡ್ಡೆಯಲ್ಲಿ ಹೀಗೆ ತೆಗೆಯಲು ಒಂದೇ ಅಗುಳಿ ಇರುವುದಿಲ್ಲ.