ಬೂದು ಬಣ್ಣದ ಚೌಕಗಳು

ಮನೆಯಲ್ಲೇ ಕೂತು ದುಡಿಯುವ ಹೆಂಗಸರಿಗೆ ಒಂದು ಮಾತು ಚೆನ್ನಾಗಿ ಗೊತ್ತಿರುತ್ತದೆ. "ನೀನು ಮನೇಲೇ ಇರ್ತೀಯಲ್ಲ!" ಸಿಲಿಂಡರ್ ಬಂದರೆ, ಪಕ್ಕದ ಮನೆಯವರ ಕೊರಿಯರ್ ಬಂದರೆ, ನೆಂಟರ ಮದುವೆಗೆ ಮೊದಲೇ ಹೋಗಿ ಕೈಜೋಡಿಸಬೇಕಾದರೆ, ಎಲ್ಲಕ್ಕೂ ಅದೇ ಮಾತು. ನಾನು ಹಾಸನದಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಹಾರ್ಡ್‌ವೇರ್, ಗೊಬ್ಬರದ ಅಂಗಡಿ, ಬೇಕರಿ ಹೀಗೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಸರ್ಕಾರಕ್ಕೆ ಸಲ್ಲಿಸಬೇಕಾದ ಜಿಎಸ್‌ಟಿ ತೆರಿಗೆಯ ಲೆಕ್ಕಗಳು. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಇಷ್ಟಾದರೂ ನೋಡುವವರಿಗೆ ನಾನು ಮನೇಲಿರುವವಳು.

ಅದಕ್ಕೇ ದಿನದ ಲೆಕ್ಕವನ್ನೂ ಇಡೋಕೆ ಶುರು ಮಾಡಿದೆ. ಎಕ್ಸೆಲ್ ಶೀಟಿನಲ್ಲಿ ಅರ್ಧ ಗಂಟೆಗೆ ಒಂದು ಚೌಕ. ಸಂಪಾದನೆಯ ಕೆಲಸಕ್ಕೆ ನೀಲಿ, ಮನೆಗೆಲಸಕ್ಕೆ ಹಳದಿ, ವಾಕಿಂಗ್‌ಗೆ ಹಸಿರು. ಯಾವುದಕ್ಕೂ ಸೇರದ ಹೊತ್ತಿಗೆ ಬೂದು. ಯಾರಾದರೂ ಕೇಳಿದರೆ ತೋರಿಸಬಹುದು ಅಂತ ಒಳಗೊಳಗೇ ಇತ್ತೇನೋ. ಒಬ್ಬರೂ ಕೇಳಲಿಲ್ಲ.

ಮೊದಮೊದಲು ನಿಜವಾಗಿಯೂ ಉಪಯೋಗವಾಯಿತು. ಕೆಲಸ ಸಲೀಸಾಗಿ ಸಾಗಿತು, ಹೊಸ ಅಂಗಡಿಗಳು ಸಿಕ್ಕವು. ಬರಬರುತ್ತಾ ಬೂದು ಚೌಕ ಕಂಡರೆ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಕುಕ್ಕರ್ ಕೂಗುವವರೆಗೆ ಸುಮ್ನೆ ನಿಲ್ಲೋಕೆ ಆಗುತ್ತಿರಲಿಲ್ಲ. ಬಟ್ಟೆ ಒಣಹಾಕುವಾಗ ಕಿವಿಯಲ್ಲಿ ಪಾಡ್‌ಕಾಸ್ಟ್, ಅದೂ ಒಂದೂವರೆ ಪಟ್ಟು ವೇಗದಲ್ಲಿ. ಮಹಾರಾಜ ಪಾರ್ಕಿನಲ್ಲಿ ಯಾರಾದರೂ ಪರಿಚಯದವರು ಸಿಕ್ಕಿ "ಹೇಗಿದ್ದೀರಾ" ಅಂದರೆ, ನಿಂತ ಕಡೆಯೇ ಹೆಜ್ಜೆ ಹಾಕುತ್ತಾ ಮಾತಾಡುತ್ತಿದ್ದೆ. ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂದರೆ ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಟ. ಆ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಮಾರುವಾಗ ಹಿಡಿದ ಅಂಕಿ ಅದು. ನಡೆಯುವುದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರೋ ಸಾಮಾನು ಮಾರೋಕೆ ಇಟ್ಟುಕೊಂಡ ಅಂಕಿಗೆ ನಾನು ನಿದ್ದೆ ಬಿಟ್ಟು ನಡೆಯುತ್ತಿದ್ದೆ.

ಜನವರಿ ಅಂದರೆ ನಮ್ಮ ಕಡೆ ಅವರೆಕಾಯಿ ಕಾಲ. ಆಲೂರಿನ ಹತ್ತಿರದ ಹಳ್ಳಿಯಿಂದ ದೊಡ್ಡಮ್ಮ ಚೀಲ ಹೊತ್ತು ಬಂದರು. ಇಬ್ಬನಿ ಬಿದ್ದ ಸೊಗಡಿನ ಕಾಯಿ, ಚೀಲ ಬಿಚ್ಚಿದರೆ ಮನೆಯೆಲ್ಲ ಘಮ. ಸಂಜೆ ಕಾಯಿ ಸುಲಿದು, ಕಾಳನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಹಿದುಕಲು ಕೂತೆವು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಜೋರಾಗಿ ಒತ್ತಿದರೆ ಬೇಳೆ ಜಜ್ಜಿಹೋಗುತ್ತದೆ. ಬೆರಳ ತುದಿ ಸುಕ್ಕುಗಟ್ಟುತ್ತದೆ, ಕೈಗೆ ಹತ್ತಿದ ಸೊಗಡು ಸೋಪಿಗೂ ಬಗ್ಗುವುದಿಲ್ಲ. ಬೇಗ ಮುಗಿಸುವ ಉಪಾಯವೇ ಇಲ್ಲದ ಕೆಲಸ. ದೊಡ್ಡಮ್ಮ ಊರಿನ ಸುದ್ದಿ ಹೇಳುತ್ತಿದ್ದರು. ನನ್ನ ಒಂದು ಕಿವಿಯಲ್ಲಿ ಇಯರ್‌ಫೋನ್ ಇತ್ತು. ಸ್ವಲ್ಪ ಹೊತ್ತಿಗೆ ಅವರಿಗೆ ಗೊತ್ತಾಯಿತು. "ಅದ್ನೇ ಕೇಳ್ಕ ಮಗ, ನಾನು ಆಮೇಲೆ ಹೇಳ್ತೀನಿ" ಅಂದು ಸುಮ್ಮನೆ ಹಿದುಕತೊಡಗಿದರು. ಅವರ ದನಿಯಲ್ಲಿ ಬೇಜಾರೂ ಇರಲಿಲ್ಲ.

ರಾತ್ರಿ ಶೀಟ್ ತುಂಬಿಸಲು ಕೂತಾಗ ಆ ಬೆಳಗ್ಗೆಗೆ ಯಾವ ಬಣ್ಣ ಅಂತ ಕೈ ನಿಂತಿತು. ಹಿದುಕಿದ್ದಕ್ಕೆ ಹಳದಿ. ದೊಡ್ಡಮ್ಮನ ಮಾತಿಗೆ? ಹಿಂದಿನ ತಿಂಗಳುಗಳನ್ನು ತೆಗೆದು ಬರೀ ಬೂದು ಚೌಕಗಳನ್ನೇ ನೋಡಿದೆ. ಮಗಳು ಸ್ಕೂಲಿನ ಜಗಳವನ್ನೆಲ್ಲ ಹೇಳಿ ನಗಿಸಿದ ಸಂಜೆ. ಕರೆಂಟ್ ಹೋದಾಗ ಮನೆಯವರೂ ನಾನೂ ಬಾಗಿಲ ಮೆಟ್ಟಿಲ ಮೇಲೆ ಕೂತು ಕುಡಿದ ಕಾಫಿ. ಹಳೇ ಗೆಳತಿಯ ಫೋನು. ನಾನು ಇಷ್ಟಪಟ್ಟದ್ದೆಲ್ಲ ಬೂದಿನಲ್ಲೇ ಇತ್ತು. ಅದನ್ನು ಕಡಿಮೆ ಮಾಡಬೇಕು ಅಂತ ನಾನು ಪ್ರತಿ ತಿಂಗಳೂ ಪಣ ತೊಡುತ್ತಿದ್ದೆ.

ಗೊತ್ತಾದ ಕೂಡಲೇ ಬಿಟ್ಟುಹೋಗುವ ಚಟ ಅಲ್ಲ ಇದು. ಶೀಟ್ ಮುಚ್ಚಿದ ಮೇಲೆ ಮೊದಲ ದಿನಗಳು ತುಂಬಾ ಕಷ್ಟವಾದವು. ಕೈ ತಾನಾಗೇ ಫೋನಿಗೆ ಹೋಗುವುದು, ಎದೆ ಹೊಡೆದುಕೊಳ್ಳುವುದು, ರಾತ್ರಿ ನಿದ್ದೆ ಬರದೆ ಹೊರಳಾಡುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಸವಳಿಯುವುದರ ಬಗ್ಗೆ ಹೇಳಿದ್ದನ್ನು ಓದಿದೆ. ಅದು ಉದ್ಯೋಗಕ್ಕೆ ಮಾತ್ರ ಸಂಬಂಧಿಸಿದ್ದು ಅಂತ ಅಲ್ಲಿ ಸ್ಪಷ್ಟವಾಗಿದೆ. ನನ್ನದು ಅಡುಗೆಮನೆ, ಪಾರ್ಕು, ಹಾಸಿಗೆವರೆಗೂ ಬಂದಿತ್ತಲ್ಲ! ಕೊನೆಗೆ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯಿದ್ದ ಹೆಣ್ಣುಮಗಳು ನಿಧಾನವಾಗಿ ಕೇಳಿದಳು: "ಸುಮ್ನೆ ಕೂತಾಗ ಯಾರು ಬೈತಾರೆ ಅನ್ಸುತ್ತೆ ಮೇಡಂ?" ತಕ್ಷಣ ಉತ್ತರ ಬರಲಿಲ್ಲ. ಮನೆಯಲ್ಲಿ ಯಾರೂ ಬೈಯುವವರಿಲ್ಲ. ಆ "ಮನೇಲೇ ಇರ್ತೀಯಲ್ಲ" ಅನ್ನುವ ಮಾತಿಗೆ ನಾನು ವರ್ಷಗಟ್ಟಲೆ ಉತ್ತರ ಕೊಡುತ್ತಲೇ ಇದ್ದೆ, ಕೇಳಿದವರು ಆ ಕ್ಷಣವೇ ಮರೆತಿದ್ದರೂ.

ಈಗ ಕೆಲಸ ಕಡಿಮೆ ಮಾಡಿಲ್ಲ. 3ಬಿ ಗಡುವಿನ ಹಿಂದಿನ ದಿನ, 19ರ ರಾತ್ರಿ, ಈಗಲೂ ತಡವಾಗುತ್ತದೆ, ಅದು ಆಗಬೇಕಾದ್ದೇ. ಆದರೆ ಅವಸರ ಅನ್ನಿಸಿದಾಗ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದಕ್ಕೆ ಯಾರಾದರೂ ಕಾಯ್ತಿದ್ದಾರಾ? ಬೇಕರಿಯವರು ಕಾಯುತ್ತಿದ್ದರೆ ಮಾಡುತ್ತೇನೆ. ಯಾರೂ ಕಾಯದ ಗಡುವುಗಳೇ ಜಾಸ್ತಿ ಇದ್ದವು ನೋಡಿ. ಅವನ್ನೆಲ್ಲ ಅಳಿಸಿದೆ. ಹೆಜ್ಜೆ ಎಣಿಸುವುದನ್ನೂ ಫೋನಿನಿಂದ ತೆಗೆದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. "ಚೆನ್ನಾಗಿ ವಿಶ್ರಾಂತಿ ತಗೊಳ್ಳಿ, ಕೆಲಸ ಇನ್ನೂ ಚೆನ್ನಾಗಿ ಆಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಆ ಸಲಹೆ ನಂಬಿ ನಾನು ಮಧ್ಯಾಹ್ನದ ನಿದ್ದೆಗೂ ಒಂದು ಬಣ್ಣ ಕೊಟ್ಟಿದ್ದೆ. ಕಾಯಿಲೆ ಅಲ್ಲೇ ಇರುತ್ತದೆ, ಹೆಸರು ಬೇರೆ ಆಗುತ್ತದೆ ಅಷ್ಟೇ. ನಿದ್ದೆ ಮಾಡಲು ಸುಸ್ತಾಗಿದೆ ಅನ್ನುವುದಕ್ಕಿಂತ ದೊಡ್ಡ ಕಾರಣ ಯಾಕೆ ಬೇಕು?

ಈ ವರ್ಷ ಮಗಳು ಹತ್ತನೇ ಕ್ಲಾಸು. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ನಮ್ಮದು, ಇಲ್ಲಿನ ಮಕ್ಕಳ ತಲೆ ಮೇಲಿನ ಭಾರ ಹೇಳೋದೇ ಬೇಡ. ಅವಳು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದಳು, ಬಣ್ಣ ಬಣ್ಣದ ಸ್ಕೆಚ್ ಪೆನ್ನಿನಲ್ಲಿ. ಎಲ್ಲಿಂದ ಕಲಿತಳು ಅಂತ ಕೇಳಬೇಕಾಗಿಲ್ಲ. ಸಂಜೆ ಆರರಿಂದ ಏಳು ಖಾಲಿ ಬಿಡು ಅಂದೆ.

"ಅಲ್ಲಿ ಏನು ಬರೀಲಿ ಅಮ್ಮ?"

"ಏನೂ ಬರೀಬೇಡ."

"ಟ್ಯೂಷನ್‌ನಲ್ಲಿ ಎಲ್ರೂ ಆ ಟೈಮಲ್ಲಿ ಮ್ಯಾಥ್ಸ್ ಮಾಡ್ತಾರೆ" ಅಂತ ಜಗಳಕ್ಕೆ ಬಂದಳು. ಆ ಒಂದು ಗಂಟೆಗೆ ನಮ್ಮಿಬ್ಬರ ಜಗ್ಗಾಟ ಇನ್ನೂ ನಡೆಯುತ್ತಲೇ ಇದೆ. ಸದ್ಯಕ್ಕೆ ಅರ್ಧ ಗಂಟೆಗೆ ಒಪ್ಪಿದ್ದಾಳೆ. ನಾನು ಇನ್ನರ್ಧಕ್ಕೆ ಪಟ್ಟು ಬಿಟ್ಟಿಲ್ಲ.