ಹಕ್ಕಿಗಳಿಗೆ ಏನು ಹಾಕ್ತೀರಿ?

ದೀಪಾವಳಿ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಈ ಪ್ರಶ್ನೆ ಬರಲು ಶುರುವಾಗುತ್ತದೆ. ತೋಟದಲ್ಲಿ ತೆಗೆದ ಹಕ್ಕಿ ಫೋಟೋ ಒಂದೆರಡನ್ನು ನೆಂಟರಿಗೆ, ಗೆಳೆಯರಿಗೆ ಕಳಿಸಿರುತ್ತೇನೆ. ಬೆಂಗಳೂರಿನ ಷಡ್ಡಕ, ಹುಬ್ಬಳ್ಳಿಯಲ್ಲಿರುವ ಹಳೇ ಸಹಪಾಠಿ, ಇಂಗ್ಲೆಂಡಿನಲ್ಲಿರುವ ಚಿಕ್ಕಪ್ಪನ ಮಗಳು, ಎಲ್ಲರದ್ದೂ ಒಂದೇ ಮಾತು: "ಇಷ್ಟೊಂದು ಹಕ್ಕಿ ಬರ್ತವಲ್ಲ, ಏನು ಹಾಕ್ತೀರಿ?"

ಏನೂ ಹಾಕಲ್ಲ. ಇಷ್ಟೇ ಉತ್ತರ. ಆದರೆ ಹಾಗಂದರೆ ಯಾರೂ ನಂಬಲ್ಲ. ಇವನೇನೋ ಗುಟ್ಟು ಮುಚ್ಚಿಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಅದಕ್ಕೆ ಈ ಸಲ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ಹದಿನೆಂಟು ಮನೆ. ಅದರಲ್ಲಿ ನಾಲ್ಕಕ್ಕೆ ಬೀಗ. ಮನೆ ಎದುರು ಗದ್ದೆ, ಹಿಂದೆ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು, ಒಣ ಎಲೆ ತರುವ ಕಾಡು.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಒಂದು ಸಲ ಹಾಕಿದ್ದೆ. ನಾನ್ನೂರೈವತ್ತು ರೂಪಾಯಿ ಕೊಟ್ಟು ಪ್ಲಾಸ್ಟಿಕ್ಕಿನ ಫೀಡರ್ ತರಿಸಿ, ನವಣೆ, ಸಜ್ಜೆ ತುಂಬಿ ಚಿಕ್ಕು ಮರಕ್ಕೆ ನೇತುಹಾಕಿ, ಜಗಲಿ ಮೇಲೆ ಕ್ಯಾಮೆರಾ ಹಿಡಿದು ಕೂತೆ. ಮೊದಲ ದಿನ ಅಳಿಲು ಬಂತು. ಎರಡನೇ ದಿನ ಎರಡು ಅಳಿಲು. ವಾರ ಕಳೆದ ಮೇಲೆ ಎರಡು ಚುಕ್ಕೆ ಬೆಳವ ಬಂದವು, ಸರಿ, ಅವು ವರ್ಷವಿಡೀ ಅಂಗಳದಲ್ಲೇ ಇರುವಂಥವು. ಕೆಳಗೆ ಚೆಲ್ಲಿದ ಕಾಳಿಗೆ ರಾತ್ರಿ ಇಲಿ ಬಂದವು. ಇಲಿ ಹಿಂದೆ ಕೇರೆಹಾವು ಬಂತು. ಪಕ್ಕದ ಮನೆ ಚಿಕ್ಕಮ್ಮ ಬೇಲಿ ಮೇಲಿಂದ ಇಣುಕಿ, "ಹಕ್ಕಿ ಸಾಕ್ತೀನಿ ಅಂತ ಹಾವು ಸಾಕ್ತಿದ್ಯಲ್ಲ ಮಾರಾಯ" ಅಂದರು. ಫೀಡರ್ ಈಗ ಹಿತ್ತಲ ಅಟ್ಟದ ಮೇಲಿದೆ.

ಆಮೇಲೆ ಯೋಚಿಸಿದರೆ ನಗು ಬಂತು. ಚಳಿಗಾಲಕ್ಕೆ ನಮ್ಮ ಕಡೆ ಬರುವ ಹಕ್ಕಿಗಳಲ್ಲಿ ಕಾಳು ತಿನ್ನುವವು ಎಷ್ಟಿವೆ? ಸೆಪ್ಟೆಂಬರ್ ಹೊತ್ತಿಗೆ ಮೊದಲು ಕಾಣಿಸುವುದು ಹಳದಿ ಹೊಟ್ಟೆಯ ಬೂದು ಸಿಪಿಲೆ. ಹಿಮಾಲಯ ಮತ್ತು ಅದರಾಚೆಯಿಂದ ಬರುತ್ತದೆ. ಹಳ್ಳದ ಕಲ್ಲಿನ ಮೇಲೆ, ತೋಟದ ಕಾದಿಗೆಯಲ್ಲಿ (ಬಸಿಗಾಲುವೆಗೆ ನಾವು ಹಾಗನ್ನುತ್ತೇವೆ) ಬಾಲ ಮೇಲೆ ಕೆಳಗೆ ಕುಣಿಸುತ್ತ ಓಡುತ್ತದೆ. ಮಲೆನಾಡಿನಲ್ಲಿ ಇದಕ್ಕೆ ಕುಂಡೆಕುಸ್ಕ ಅಂತ ಹೆಸರು. ಮಕ್ಕಳ ಮುಂದೆ ಹೇಳಿದರೆ ಅರ್ಧ ಗಂಟೆ ನಗುತ್ತಾರೆ, ಆದರೆ ಇದಕ್ಕಿಂತ ಸರಿಯಾದ ಹೆಸರು ಬೇರೆ ಇಲ್ಲ. ಅದರದೇ ನೆಂಟ ಕಾಡು ಸಿಪಿಲೆ ಚೀನಾ, ಕೊರಿಯಾ, ರಷ್ಯಾದ ಪೂರ್ವ ತುದಿ ಕಡೆಯದು. ಅಡಿಕೆ ತೋಟದ ನೆರಳಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಇದು ಮಾತ್ರ ಬಾಲವನ್ನು ಮೇಲೆ ಕೆಳಗೆ ಆಡಿಸಲ್ಲ, ಅಕ್ಕಪಕ್ಕಕ್ಕೆ ತೂಗುತ್ತದೆ. ಉಳಿದೆಲ್ಲ ಸಿಪಿಲೆಗಳಿಗೂ ಇದಕ್ಕೂ ಇದೇ ವ್ಯತ್ಯಾಸ. ಸುಮ್ನೆ ಒಂದು ಬೆಳಗ್ಗೆ ನಿಂತು ನೋಡಿ, ಆಮೇಲೆ ಯಾರೂ ಹೇಳಿಕೊಡುವುದು ಬೇಡ.

ಇನ್ನು ಉಲಿಯಕ್ಕಿ. ಏಳೆಂಟು ಗ್ರಾಂ ತೂಕದ, ಎಲೆ ಬಣ್ಣದ ಹಕ್ಕಿ. ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಜಾಸ್ತಿ. ಮಾವಿನ ಮರದ ಎಲೆ ಎಲೆ ತಿರುವಿ ಹುಳ ಹೆಕ್ಕುತ್ತದೆ. ರಾಜಹಕ್ಕಿ ಬಿಳಿ ರಿಬ್ಬನ್ನಿನಂಥ ಬಾಲ ಬೀಸುತ್ತ ಗಾಳಿಯಲ್ಲೇ ನೊಣ ಹಿಡಿಯುತ್ತದೆ. ನವರಂಗ ನೆಲದ ತರಗೆಲೆ ಕೆದರಿ ಹುಳ, ಗೆದ್ದಲು ತಿನ್ನುತ್ತದೆ. ಎಲ್ಲವೂ ಹುಳ ತಿನ್ನುವ ಪೈಕಿ. ಇವುಗಳ ಮುಂದೆ ನಾನು ಸಜ್ಜೆ ಇಟ್ಟರೆ ಏನು ಮಾಡಬೇಕು ಪಾಪ.

ಇಂಗ್ಲೆಂಡಿನ ತಂಗಿಗೆ ಇದನ್ನು ಹೇಳಿದರೆ ಒಪ್ಪಲ್ಲ. ಅವಳ ಊರಿನಲ್ಲಿ ಮನೆಗೊಂದು ಫೀಡರ್. ಅಲ್ಲಿನ ಲೆಕ್ಕ ಬೇರೆ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಎಂಟು ತಾಸಿಗಿಂತ ಕಮ್ಮಿ, ಕೆಲವು ದಿನ ನೆಲ ಹೆಪ್ಪುಗಟ್ಟಿರುತ್ತದೆ. ಹತ್ತು ಹನ್ನೊಂದು ಗ್ರಾಮಿನ ಹಕ್ಕಿ ಹದಿನಾರು ತಾಸಿನ ರಾತ್ರಿ ಕಳೆಯಬೇಕು ಅಂದರೆ ಹೊಟ್ಟೆಯಲ್ಲಿ ಏನಾದರೂ ಇರಬೇಕು. 1979ರಿಂದ ಅಲ್ಲಿ ಪ್ರತಿ ಜನವರಿ ಕೊನೆಗೆ ಜನ ಒಂದು ತಾಸು ಕೂತು ತಮ್ಮ ಹಿತ್ತಲ ಹಕ್ಕಿ ಎಣಿಸುವ ರೂಢಿ ಇದೆ. ನಮ್ಮಲ್ಲೂ 2013ರಿಂದ ಫೆಬ್ರವರಿಯಲ್ಲಿ ನಾಲ್ಕು ದಿನ ಅಂಥದ್ದೇ ಎಣಿಕೆ ನಡೆಯುತ್ತದೆ, ಕಾಲು ತಾಸು ಕೂತರೂ ಸಾಕು. ಆದರೆ ಅಲ್ಲೂ ಕಾಳಿನ ತಟ್ಟೆಯಿಂದ ಎಲ್ಲ ಒಳ್ಳೆಯದೇ ಆಗಿಲ್ಲ. 2005-06ರ ಹೊತ್ತಿಗೆ ಗ್ರೀನ್‌ಫಿಂಚ್ ಅನ್ನುವ ಹಕ್ಕಿಗೆ ಗಂಟಲ ರೋಗ ಹಿಡಿದು ಲಕ್ಷಗಟ್ಟಲೆ ಸತ್ತವು. ಒಂದೇ ತಟ್ಟೆಗೆ ಹತ್ತಾರು ಬಾಯಿ ಹಾಕಿದರೆ ರೋಗ ಹರಡದೆ ಇನ್ನೇನು. "ವಾರಕ್ಕೊಮ್ಮೆ ತೊಳೀತೀನಿ ಕಣೋ" ಅನ್ನುತ್ತಾಳೆ. ಒಳ್ಳೆಯದು, ತೊಳೆಯಲಿ.

ನಮ್ಮಲ್ಲಿ ಹಾಗಲ್ಲ. ಅಲ್ಲಿ ತಿನ್ನಲು ಇಲ್ಲದ ಕಾಲದಲ್ಲೇ ಇಲ್ಲಿ ತುಂಬಿರುತ್ತದೆ. ಮಳೆ ಮುಗಿದು ಹುಲ್ಲು ಎದೆಯೆತ್ತರ ನಿಂತಿರುತ್ತದೆ, ಹುಳಹುಪ್ಪಟೆಗೆ ಲೆಕ್ಕವಿಲ್ಲ. ಹಕ್ಕಿ ಅಷ್ಟು ದೂರ ಹಾರಿ ಬರುವುದೇ ಈ ಊಟಕ್ಕೆ. ನಾವು ಬಡಿಸಬೇಕಿಲ್ಲ, ಎಲೆ ಎತ್ತದಿದ್ದರೆ ಸಾಕು.

ನನ್ನ ತೋಟ ನೋಡಲು ಚೆಂದ ಏನಿಲ್ಲ. ಗದ್ದೆ ಕಡೆಯ ಬೇಲಿ ದಾಸವಾಳ, ಲಕ್ಕಿ, ಗೊಬ್ಬರದ ಗಿಡ ಎಲ್ಲ ಸೇರಿ ಹೆಣೆದುಕೊಂಡ ಕೊಂಪೆ. ಅಜ್ಜನ ಕಾಲದ್ದು. ಕೆಮ್ಮೀಸೆ ಪಿಕಳಾರ, ಹರಟೆಮಲ್ಲ, ಮಡಿವಾಳ ಹಕ್ಕಿ ಎಲ್ಲ ಅಲ್ಲೇ. ಊರಿನಲ್ಲಿ ಎರಡು ಕಡೆ ಹಂದಿ ಕಾಟಕ್ಕೆ ಇಂಥ ಬೇಲಿ ಕಿತ್ತು ತಂತಿ ಹಾಕಿದರು. ಅವರನ್ನು ಬೈಯುವ ಹಾಗಿಲ್ಲ, ಹಂದಿ ಒಂದು ರಾತ್ರಿಗೆ ಅರ್ಧ ಗದ್ದೆ ಮಗುಚುತ್ತದೆ. ಆದರೆ ಆ ಸಾಲಿನಲ್ಲಿ ಬೆಳಗ್ಗೆ ಸದ್ದೇ ಇಲ್ಲ. ಕಳೆನಾಶಕ ಹೊಡೆದ ತೋಟದ ಕಥೆಯೂ ಇದೇ. ಇದಕ್ಕೆ ಮಾತ್ರ ನಾನು ಬೈಯುತ್ತೇನೆ. ಕಳೆ ತೆಗೆಯಲು ಆಳು ಸಿಗಲ್ಲ ಅನ್ನುವುದು ನಿಜ. ಹಾಗಂತ ವರ್ಷಕ್ಕೆ ಮೂರು ಸಲ ನೆಲ ಸುಡುವುದು ಯಾವ ನ್ಯಾಯ?

ತೋಟದ ನಡುವೆ ತುದಿ ಮುರಿದು ಒಣಗಿದ ಒಂದು ಅಡಿಕೆ ಮರ ಇದೆ. ಕಡಿಸೋಣ ಅಂದಿದ್ದೆ. ನಮ್ಮ ಕೊನೆಗೌಡ ತಡೆದ. ಮಲೆನಾಡಿನವರಲ್ಲದವರಿಗೆ ಹೇಳಬೇಕು, ಮರ ಹತ್ತಿ ಅಡಿಕೆ ಕೊನೆ ಇಳಿಸುವವನನ್ನು ಕೊನೆಗೌಡ ಅನ್ನುತ್ತೇವೆ. ಒಂದು ಮರದಿಂದ ಇನ್ನೊಂದಕ್ಕೆ ಜೀಕಿಕೊಂಡೇ ದಾಟುವವನು, ನೆಲಕ್ಕಿಳಿಯುವುದು ಅಪರೂಪ. ಈಗ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊಯ್ಯುವವರು ಜಾಸ್ತಿಯಾಗಿದ್ದಾರೆ, ಹತ್ತುವವರು ಕಮ್ಮಿ. ಇವನು ಹಳಬ. ಮೇಲಿಂದಲೇ ಕೂಗಿದ: "ಅಣ್ಣಾ, ಅದರಲ್ಲಿ ಕುಟ್ರುಹಕ್ಕಿ ತೂತು ಮಾಡಿದೆ. ರಾತ್ರಿ ಅಲ್ಲೇ ಮಲಗ್ತದೆ. ಬಿಡಿ, ಅದಾಗೇ ಬಿದ್ದರೆ ಬೀಳಲಿ." ನಾನು ಬೈನಾಕ್ಯುಲರ್ ಹಿಡಿದು ಕಾಣದ್ದು ಅವನಿಗೆ ಎದುರಿಗೇ ಕಂಡಿತ್ತು. ಮರ ಹಾಗೇ ಇದೆ. ಸಂಜೆ ಆರರ ಸುಮಾರಿಗೆ ಹಸಿರು ಹಕ್ಕಿ ಬಂದು ತೂತಿಗೆ ತಲೆ ಹಾಕಿ, ಒಮ್ಮೆ ಆಚೆ ಈಚೆ ನೋಡಿ ಒಳಗೆ ಹೋಗುತ್ತದೆ. ಥೇಟ್ ನಮ್ಮೂರಿನವರು ಬಾಗಿಲು ಹಾಕಿಕೊಳ್ಳುವ ಹಾಗೆ.

ಇಂಥ ಸುದ್ದಿ ಎಲ್ಲ ನನಗೆ ಸಿಗುವುದು ಊರಿನವರಿಂದಲೇ. ಕೊಯ್ಲು ಶುರುವಾದರೆ ಸಂಜೆ ಯಾರದಾದರೂ ಒಂದು ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವುದು ಇದ್ದೇ ಇರುತ್ತದೆ. ಇವತ್ತು ನಿಮ್ಮನೆ, ನಾಳೆ ನಮ್ಮನೆ, ಮುಯ್ಯಾಳು ಲೆಕ್ಕ. ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತರೆ ಕೈ ತನ್ನ ಪಾಡಿಗೆ ಸುಲಿಯುತ್ತದೆ, ಬಾಯಿ ತನ್ನ ಪಾಡಿಗೆ ಊರು ಸುತ್ತುತ್ತದೆ. ಯಾರ ಮಗಳಿಗೆ ಗಂಡು ನೋಡಿದರು, ಎಲೆಚುಕ್ಕಿ ರೋಗಕ್ಕೆ ಯಾರು ಏನು ಹೊಡೆದರು, ಯಾವ ಬ್ಯಾಂಕಿನವರು ಎಷ್ಟು ಸಲ ಅಲೆಸಿದರು. ನಡುವೆ ಇದ್ದಕ್ಕಿದ್ದಂತೆ, "ಕುಂಡೆಕುಸ್ಕ ಬಂದು ತಿಂಗಳಾಯ್ತು, ಮಳೆ ಇನ್ನೂ ಬಿಡ್ಲಿಲ್ಲ ನೋಡು" ಅಂತ ಒಂದು ದನಿ. ಯಾರೂ ಇದನ್ನು ಪಕ್ಷಿವೀಕ್ಷಣೆ ಅನ್ನಲ್ಲ. ಮಾತಿನ ನಡುವಿನ ಮಾತು, ಅಷ್ಟೇ.

ದೀಪಾವಳಿ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುತ್ತಾರೆ. ದೀಪ ಆರಬಾರದು, ಪ್ರತಿ ಮನೆಯವರೂ ಅದಕ್ಕೆ ಎಣ್ಣೆ ಹಾಕಬೇಕು. ಹಿಂದೆ ಹದಿನೈದು ಜನ ಇರುತ್ತಿದ್ದರು. ಕಳೆದ ವರ್ಷ ಐದೇ ಜನ, ಅವರಲ್ಲಿ ಒಬ್ಬನಿಗೆ ಕೆಮ್ಮು. ರಾತ್ರಿ ಎರಡು ಗಂಟೆಗೆ ಬಂದವರು ಹಾಡು ಮುಗಿಸಿ, ಕಾಫಿ ಕುಡಿಯುತ್ತ ಹೇಳಿದರು: ಕೆರೆ ಏರಿಯ ಬಿದಿರಿನಲ್ಲಿ ಕಳ್ಳಿಪೀರ ಹಕ್ಕಿಗಳು ಒಂದಕ್ಕೊಂದು ಆತುಕೊಂಡು ಸಾಲಾಗಿ ಮಲಗಿದ್ದವಂತೆ. ಮಣಿ ಪೋಣಿಸಿದ ಹಾಗೆ. ದೀಪ ಮರೆಮಾಡಿಕೊಂಡು ದಾಟಿ ಬಂದೆವು ಅಂದರು.

ಹಾಗಾದರೆ ನಾವು ಹಕ್ಕಿಗೆ ಏನೂ ಹಾಕುವುದೇ ಇಲ್ಲವಾ? ವರ್ಷಕ್ಕೊಂದು ದಿನ ಹಾಕುತ್ತೇವೆ. ಅದು ಭೂಮಿ ಹುಣ್ಣಿಮೆ ದಿನ, ದೀಪಾವಳಿಗೆ ಹದಿನೈದು ದಿನ ಮೊದಲು. ತೆನೆ ಹೊತ್ತ ಗದ್ದೆ ಅಂದರೆ ನಮಗೆ ಬಸುರಿ ಹೆಂಗಸು, ಅವಳಿಗೆ ಸೀಮಂತ. ಹಿಂದಿನ ರಾತ್ರಿಯೆಲ್ಲ ಹೆಂಗಸರು ಅಡುಗೆ ಮಾಡುತ್ತಾರೆ. ಹತ್ತಾರು ಬಗೆ ಸೊಪ್ಪು ಬೇಯಿಸಿ ಹಚ್ಚಂಬಲಿ. ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ. ಬೆಳಕು ಹರಿಯುವ ಮೊದಲೇ ಗಂಡಸರು ದೀಪ ಹಿಡಿದು ಹೋಗಿ ಗದ್ದೆಗೆ, ತೋಟಕ್ಕೆ ಚರಗ, ಅಂದರೆ ಆ ಹಚ್ಚಂಬಲಿಯ ಎಡೆ, ಚೆಲ್ಲಿ ಬರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಗದ್ದೆಯಲ್ಲೇ ಪೂಜೆ, ಅಲ್ಲೇ ಊಟ. ಕಾಗೆಗೊಂದು ಎಡೆ, ಇಲಿಗೊಂದು ಎಡೆ. ಬೆಳೆ ತಿನ್ನುವ ಇಲಿಗೂ ಅವತ್ತು ನೆಂಟರ ಮರ್ಯಾದೆ.

ಈ ಸಲದ ಭೂಮಿ ಹುಣ್ಣಿಮೆ ಬೆಳಗ್ಗೆ ಚರಗ ಚೆಲ್ಲಿ ವಾಪಸು ಬರುತ್ತಿದ್ದೆ. ಹೊಸದಾಗಿ ಕಟ್ಟಿಸಿದ ಕೋಣೆಯ ದೊಡ್ಡ ಗಾಜಿನ ಕಿಟಕಿ ಕೆಳಗೆ ಏನೋ ಮುದುಡಿ ಕೂತಿತ್ತು. ಟಾರ್ಚು ಬಿಟ್ಟೆ. ನವರಂಗ. ಉತ್ತರದ ಹಿಮಾಲಯದ ತಪ್ಪಲಲ್ಲೋ ಮಧ್ಯ ಭಾರತದ ಕಾಡಲ್ಲೋ ಮರಿ ಮಾಡಿ, ಚಳಿಗೆ ನಮ್ಮ ಕಡೆ ಬರುವ ಹಕ್ಕಿ. ಹಾರುವುದು ರಾತ್ರಿ. ಸುಸ್ತಾಗಿ ಬಂದು ದೀಪಕ್ಕೋ ಗಾಜಿಗೋ ಬಡಿದುಕೊಂಡು ಮನೆಯಂಗಳದಲ್ಲಿ ಬೀಳುವುದು ಇವುಗಳ ಹಣೆಬರಹ.

ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಹಸಿರು ಬೆನ್ನು, ರೆಕ್ಕೆಯ ಮೇಲೊಂದು ಹೊಳೆಯುವ ನೀಲಿ ಮಚ್ಚೆ, ಕಣ್ಣಿಗೆ ಕಪ್ಪು ಪಟ್ಟಿ, ಗೋಧಿ ಬಣ್ಣದ ಎದೆ, ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಬಾಲ ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ. ಕಣ್ಣು ಅರ್ಧ ಮುಚ್ಚಿತ್ತು. ಕೊಕ್ಕು ತೆರೆದು ಉಸಿರಾಡುತ್ತಿತ್ತು. ನಾನು ಚಮಚದಲ್ಲಿ ನೀರು ತಂದೆ. ಅಷ್ಟರಲ್ಲಿ ಚಿಕ್ಕಮ್ಮ ಬಂದಿದ್ದರು. "ನೀರು ಹಾಕಬೇಡ, ಉಸಿರಿಗೆ ಹೋಗಿ ಸಾಯ್ತದೆ. ಮೊದಲು ಆ ಟಾರ್ಚ್ ಆರಿಸು." ತಮ್ಮ ಅಡಿಕೆ ಬುಟ್ಟಿ ತಂದು ಮೆಲ್ಲಗೆ ಮೇಲೆ ಕವುಚಿದರು, ಅದರ ಮೇಲೊಂದು ಹಳೇ ಪಂಚೆ. ಒಳಗೆ ಕತ್ತಲೆ. ಬೆಕ್ಕು ಬರದಂತೆ ನಾನು ಕಾವಲು. ಮುಕ್ಕಾಲು ಗಂಟೆ ಕಳೆದ ಮೇಲೆ ಬುಟ್ಟಿ ಒಳಗೆ ಟಕ್ ಟಕ್ ಅಂತ ಸದ್ದು. ಎತ್ತಿದೆವು. ಹಕ್ಕಿ ನಮ್ಮನ್ನು ಒಂದು ಸಲ ನೋಡಿತು, ಎರಡು ಸಲ ಕುಪ್ಪಳಿಸಿತು, ತೋಟದ ಕಡೆ ನೆಲಮಟ್ಟದಲ್ಲೇ ಹಾರಿ ಹೋಯಿತು. ಕಿಟಕಿಗೆ ಅವತ್ತೇ ಹೊರಗಿನಿಂದ ಹಳೇ ಸೀರೆಯ ಪಟ್ಟಿಗಳನ್ನು ಇಳಿಬಿಟ್ಟೆ. ನೋಡಲು ಜಾತ್ರೆ ಅಂಗಡಿ ಥರ ಇದೆ, ಇರಲಿ.

ಈಗ ದಿನಾ ಮುಸ್ಸಂಜೆ ತೋಟದ ಮೂಲೆಯಿಂದ ಎರಡೇ ಸ್ವರದ ಸಿಳ್ಳೆ ಕೇಳುತ್ತದೆ. ಅದೇ ಹಕ್ಕಿಯೋ ಬೇರೆಯದೋ. ತಮಿಳಿನವರು ಇದನ್ನು ಆರುಮಣಿ ಕುರುವಿ ಅನ್ನುತ್ತಾರೆ, ಆರು ಗಂಟೆ ಹಕ್ಕಿ. ಹೆಸರಿಗೆ ತಕ್ಕ ಹಾಗೆ ಬೆಳಗ್ಗೆ ಸಂಜೆ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕೂಗುತ್ತದೆ.

ಆ ಮೂಲೆ ಬೆಟ್ಟಕ್ಕೆ ತಾಗಿದ ಜಾಗ. ಅಲ್ಲಿಯ ದರಕು ಗುಡಿಸುವುದನ್ನು ನಾನು ಬಿಟ್ಟಿದ್ದೇನೆ. ಒಣ ಎಲೆ ನಮಗೆ ಬೇಕೇ ಬೇಕು, ಕೊಟ್ಟಿಗೆಗೂ ತೋಟಕ್ಕೂ. ಚಳಿಗಾಲದಲ್ಲಿ ಊರಿಗೆ ಊರೇ ಬೆಟ್ಟ ಗುಡಿಸುತ್ತದೆ. ಅದನ್ನು ನಿಲ್ಲಿಸಿ ಅಂದರೆ ನನಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅದಕ್ಕೆ ಒಂದು ಪಟ್ಟಿ ಮಾತ್ರ ಬಿಟ್ಟೆ, ಮೂರು ಬುಟ್ಟಿ ದರಕಿನಷ್ಟು ಜಾಗ. ಚಿಕ್ಕಮ್ಮನ ಪ್ರಕಾರ ಇದು ಸೋಮಾರಿತನ. ಆದರೆ ಮೊನ್ನೆ ಅವರ ಮನೆ ಹಿಂದೆಯೂ ಅಷ್ಟೇ ಅಗಲದ ಪಟ್ಟಿ ಗುಡಿಸದೆ ಉಳಿದಿತ್ತು. ಕೇಳಿದ್ದಕ್ಕೆ, "ಸೊಂಟ ನೋವು, ಆಗ್ಲಿಲ್ಲ" ಅಂದರು.

ನಿನ್ನೆ ಇಂಗ್ಲೆಂಡಿನಿಂದ ಫೋನು. ಡಿಸೆಂಬರಿಗೆ ಊರಿಗೆ ಬರುತ್ತಾಳಂತೆ. "ಇಲ್ಲಿಂದ ಒಂದು ಒಳ್ಳೇ ಫೀಡರ್ ತರ್ಲಾ? ಅಳಿಲು ಹತ್ತದಂಥದ್ದು ಬಂದಿದೆ" ಅಂದಳು. ಬೇಡ, ಅಡಿಕೆ ಸುಲಿಯಲು ಒಬ್ಬರು ಕಮ್ಮಿ ಇದ್ದಾರೆ, ನೀನು ಬಾ ಸಾಕು ಅಂದೆ.